ಬಯಲಲ್ಲಿ ನಿಂತ ಹಳೇ ಕಾರಿಗೆ ಪ್ಲಾಸ್ಟಿಕ್ ಸುತ್ತಬೇಡಿ, ಮೊದಲು ನೀರು ಹೋಗೋ ದಾರಿ ಬಿಡಿಸಿ

ಸಂಪಾದಕರಿಗೆ ನಮಸ್ಕಾರ,

ಮಳೆಗಾಲ ಹತ್ರ ಬಂತು ಅಂದ್ರೆ ಎಲ್ಲಾ ಪತ್ರಿಕೆಗಳಲ್ಲೂ ವಾಹನದ ಕಾಳಜಿ ಅಂತ ಒಂದು ಲೇಖನ ಬಂದೇ ಬರುತ್ತೆ, ಟಯರ್ ನೋಡ್ಕೊಳ್ಳಿ, ವೈಪರ್ ಬ್ಲೇಡ್ ಬದಲಾಯಿಸಿ, ಬ್ರೇಕ್ ಚೆಕ್ ಮಾಡಿಸಿ ಅಂತ. ಎಲ್ಲಾ ಸರಿಯಾದ ಮಾತೇ, ಆದ್ರೆ ಅದೆಲ್ಲ ಓಡ್ತಾ ಇರೋ ಕಾರಿಗೆ. ಹದಿನೈದು ಇಪ್ಪತ್ತು ವರ್ಷ ಹಳೇದಾಗಿ, ಶೆಡ್ಡು ಗ್ಯಾರೇಜು ಏನೂ ಇಲ್ಲದೆ, ಬಯಲಲ್ಲಿ ನಿಂತು ಇಡೀ ಮಳೆಗಾಲ ನೆನೆಯೋ ಕಾರಿನ ಬಗ್ಗೆ ಯಾರೂ ಬರೆಯಲ್ಲ. ಬರೆದ್ರೂ ಒಂದೇ ಸಾಲು, ಪ್ಲಾಸ್ಟಿಕ್ ಶೀಟ್ ಹೊದಿಸಿ ಹಗ್ಗ ಹಾಕಿ ಬಿಗಿಯಾಗಿ ಕಟ್ಟಿಬಿಡಿ ಅಂತ. ಆ ಒಂದು ಸಾಲು ನಂಬಿ ಒಳ್ಳೊಳ್ಳೆ ಕಾರುಗಳು ಕೊಳೆತು ಹೋಗಿರೋದನ್ನ ನೋಡಿ ನೋಡಿ ತಡೆಯೋಕಾಗದೆ ಈ ಪತ್ರ ಬರೀತಾ ಇದೀನಿ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿ ಹಾಕಬೇಡಿ.

ನಾನು ಹೇಳಬೇಕು ಅಂತಿರೋದು ಇಷ್ಟೇ. ಕಾರು ಅನ್ನೋದು ಒಂದು ಹನಿ ನೀರೂ ಒಳಗೆ ಬರದಿರೋ ಡಬ್ಬಿ ಅಲ್ಲ, ಅದನ್ನ ಹಾಗೆ ಮಾಡೇ ಇಲ್ಲ. ಮಳೆ ನೀರು ಬಾನೆಟ್ ಸಂದಿಯಿಂದ, ಕಿಟಕಿ ಗ್ಲಾಸಿನ ಪಕ್ಕದಿಂದ, ಸನ್‌ರೂಫ್ ಅಂಚಿಂದ ಬಾಡಿ ಒಳಗೆ ಇಳಿಯುತ್ತೆ ಅನ್ನೋದು ಕಾರು ಮಾಡಿದವರಿಗೆ ಮೊದಲೇ ಗೊತ್ತು, ಅದಕ್ಕೇ ಇಳಿದ ನೀರು ಇನ್ನೊಂದು ಕಡೆಯಿಂದ ನೆಲಕ್ಕೆ ಬಿದ್ದು ಹೋಗಲಿ ಅಂತ ತೂತು, ಪೈಪು, ಕಾಲುವೆ ಎಲ್ಲಾ ಇಟ್ಟಿರ್ತಾರೆ. ಕಾರು ಹಳೇದಾಗ್ತಾ ಆಗ್ತಾ ರಬ್ಬರ್ ಗಟ್ಟಿಯಾಗಿ ಬರೋ ನೀರು ಜಾಸ್ತಿ ಆಗುತ್ತೆ, ಕಸ ಸೇರಿ ಹೋಗೋ ದಾರಿ ಕಟ್ಕೊಳ್ಳುತ್ತೆ. ಸೋರಿಕೆ ಅಂತ ನಾವು ಕರೆಯೋದು ಎಷ್ಟೋ ಸಲ ಸೋರಿಕೆನೇ ಅಲ್ಲ, ಹೋಗೋಕೆ ಜಾಗ ಸಿಗದೆ ನಿಂತ ನೀರು ಉಕ್ಕಿ ಒಳಗೆ ಬಂದಿರೋದು. ಹಾಗಿದ್ದಾಗ ಮೇಲಿಂದ ಎಷ್ಟು ಮುಚ್ಚಿದ್ರೂ ಏನು ಪ್ರಯೋಜನ ಹೇಳಿ.

ವೈಪರ್ ಕೆಳಗೆ, ಬಾನೆಟ್ ಮುಗಿದು ಮುಂದಿನ ಗ್ಲಾಸ್ ಶುರುವಾಗೋ ಕಡೆ ಒಂದು ಜಾಲರಿ ಇರುತ್ತೆ ನೋಡಿ, ಗ್ಲಾಸ್ ಮೇಲೆ ಬಿದ್ದ ಮಳೆ ಹೆಚ್ಚುಪಾಲು ಅದರೊಳಗೇ ಇಳಿಯೋದು. ಅದರ ಕೆಳಗೆ ತೊಟ್ಟಿ ಥರ ಒಂದು ಜಾಗ ಇದೆ, ಎರಡೂ ತುದಿಯಲ್ಲಿ ನೀರು ಹೋಗೋಕೆ ತೂತು. ಕಾರಿನೊಳಗೆ ಗಾಳಿ ಊದೋ ಫ್ಯಾನು, ಅಂದ್ರೆ ಬ್ಲೋವರ್, ಗಾಳಿ ಎಳ್ಕೊಳ್ಳೋದೂ ಅಲ್ಲಿಂದಲೇ. ಬಾನೆಟ್ ಎತ್ತಿ ಆ ಜಾಲರಿ ತೆಗೆದು ಒಂದ್ಸಲ ಕೈ ಹಾಕಿ ನೋಡಿ, ಮರದ ಕೆಳಗೆ ನಿಂತಿರೋ ಕಾರಾದ್ರೆ ಎಲೆ ಎಲ್ಲಾ ಕೊಳೆತು ಕಪ್ಪು ಗೊಬ್ಬರ ಆಗಿ ಬೆರಳಿಗೆ ಮೆತ್ಕೊಳ್ಳುತ್ತೆ, ಅದರಲ್ಲಿ ಬೀಜ ಬಿದ್ದು ಸಣ್ಣ ಸಸಿ ಹುಟ್ಟಿರೋದೂ ಉಂಟು. ಆ ಗೊಬ್ಬರ ತೂತಿಗೆ ಅಡ್ಡ ಕೂತಿತು ಅಂದ್ರೆ ಜೋರು ಮಳೆಯಲ್ಲಿ ತೊಟ್ಟಿ ತುಂಬಿ ನೀರು ಬ್ಲೋವರ್ ಬಾಯಿಂದ ನೇರ ಕಾಲಿಡೋ ಜಾಗಕ್ಕೆ ಬೀಳುತ್ತೆ. ಫೋಕ್ಸ್‌ವ್ಯಾಗನ್ ಪಸಾಟ್ ಬಿ5 ಅಂತ 1990ರ ದಶಕದ ಕೊನೆಯಲ್ಲಿ ಬಂದ ಕಾರಿದೆ, ಅದರಲ್ಲಿ ಬ್ಯಾಟರಿ ಇರೋದೇ ಈ ತೊಟ್ಟಿಯಲ್ಲಿ, ನೀರು ಹೋಗೋ ತೂತು ಬ್ಯಾಟರಿ ಅಡಿಯಲ್ಲಿ, ಬ್ಯಾಟರಿ ಎತ್ತದೆ ಕಾಣೋದೂ ಇಲ್ಲ. ಅದು ಕಟ್ಕೊಂಡ್ರೆ ನೀರು ಒಳಗೆ ಬಂದು ಕಾರ್ಪೆಟ್ ಅಡಿಯಲ್ಲಿರೋ, ಲಾಕು ಕಿಟಕಿ ನಡೆಸೋ ಎಲೆಕ್ಟ್ರಾನಿಕ್ ಡಬ್ಬಿ (ಕಂಟ್ರೋಲ್ ಮಾಡ್ಯೂಲ್) ಮುಳುಗುತ್ತೆ, ಆಮೇಲೆ ಡೋರ್ ಲಾಕು ಕಿಟಕಿ ಎಲ್ಲಾ ತಮಗೆ ಬಂದ ಹಾಗೆ ಆಡೋಕೆ ಶುರು. ಮೆಕ್ಯಾನಿಕ್ ಹತ್ರ ಹೋದ್ರೆ ಎಲೆಕ್ಟ್ರಿಕಲ್ ಪ್ರಾಬ್ಲಂ ಅಂತಾರೆ, ಮೂಲ ನೋಡಿದ್ರೆ ಒಂದು ಹಿಡಿ ಎಲೆ.

ಸನ್‌ರೂಫ್ ಇರೋ ಹಳೇ ಕಾರು ತಗೊಂಡವರು ಇದನ್ನ ತಿಳ್ಕೊಳ್ಳಲೇಬೇಕು. ಅದರ ಸುತ್ತ ಇರೋ ರಬ್ಬರ್ ನೀರನ್ನ ಪೂರ್ತಿ ತಡೆಯೋದಿಲ್ಲ, ಒಂದಷ್ಟು ಒಳಗೆ ಬಿಡುತ್ತೆ, ಆ ನೀರು ಕೆಳಗಿನ ಟ್ರೇಗೆ ಬಿದ್ದು ಸಾಮಾನ್ಯವಾಗಿ ನಾಲ್ಕು ಮೂಲೆಯ ಸಣ್ಣ ಟ್ಯೂಬ್‌ಗಳಲ್ಲಿ ರೂಫ್ ಹೊತ್ತಿರೋ ಕಂಬಗಳ ಒಳಗಿಂದ ಇಳಿದು ಆಚೆ ಹೋಗುತ್ತೆ. ಟ್ಯೂಬ್ ಕಟ್ಕೊಂಡ್ರೆ ಮೇಲಿನ ರೂಫ್ ಬಟ್ಟೆಯಲ್ಲಿ ಕಂದು ಕಲೆ, ಅಥವಾ ಮೇಲೆಲ್ಲಾ ಒಣಗಿದ್ದು ಕಾಲ ಬುಡದಲ್ಲಿ ಮಾತ್ರ ಒದ್ದೆ. ಸನ್‌ರೂಫ್ ತೆಗೆದು ಮೂಲೆಗೆ ಒಂದು ಲೋಟ ನೀರು ನಿಧಾನ ಹಾಕಿ, ಚಕ್ರದ ಹತ್ರ ಎಲ್ಲಾದ್ರೂ ನೆಲಕ್ಕೆ ತೊಟ್ಟಿಕ್ಕಿದ್ರೆ ದಾರಿ ಸರಿಯಿದೆ. ಇಲ್ಲ ಅಂದ್ರೆ ಹುಲ್ಲು ಕತ್ತರಿಸೋ ಮೆಷಿನ್ನಿಗೆ ಹಾಕೋ ನೈಲಾನ್ ದಾರ ಇದ್ಯಲ್ಲ, ಅದನ್ನ ಮೆಲ್ಲಗೆ ತೂರಿಸಿ ಬಿಡಿಸಿ. ದಯವಿಟ್ಟು ಏರ್ ಕಂಪ್ರೆಸರ್ ಇಟ್ಟು ಜೋರಾಗಿ ಹೊಡೀಬೇಡಿ, ಹಳೇ ಟ್ಯೂಬು ಒಳಗಡೆ ಜಾಯಿಂಟಿಂದ ಕಳಚ್ಕೊಂಡ್ರೆ ಆಮೇಲೆ ಬರೋ ಅಷ್ಟೂ ನೀರು ಕಾರಿನೊಳಗೇ, ರೂಫ್ ಬಟ್ಟೆ ಪೂರ್ತಿ ಇಳಿಸದೆ ರಿಪೇರಿನೂ ಇಲ್ಲ. ಮಡಚೋ ಬಟ್ಟೆ ಟಾಪ್ ಇರೋ ಕಾರುಗಳದ್ದೂ ಇದೇ ಕಥೆ, 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5ನಲ್ಲಿ ಸೀಟಿನ ಹಿಂದೆ ಎರಡು ಕಡೆ ಡ್ರೈನ್ ಇವೆ, ಅವು ಕಟ್ಕೊಂಡೇ ಎಷ್ಟೋ ಕಾರಿಗೆ ಹಿಂಚಕ್ರದ ಮುಂದಿನ ಬಾಡಿ ಒಳಗಿಂದ ತುಕ್ಕು ತಿಂದಿರೋದು.

ಈಗ ಬಾಗಿಲು. ಇದನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇಲ್ಲಿ ತಪ್ಪು ಮಳೆಯದ್ದಲ್ಲ, ಮನುಷ್ಯರದ್ದು. ಕಿಟಕಿ ಗ್ಲಾಸ್ ಮೇಲೆ ಹರಿದ ನೀರು ಹೊರಗಿನ ರಬ್ಬರ್ ಪಟ್ಟಿ ದಾಟಿ ಬಾಗಿಲ ಹೊಟ್ಟೆಯೊಳಗೆ ಇಳಿಯುತ್ತೆ, ಕೆಳ ಅಂಚಲ್ಲಿರೋ ಸಣ್ಣ ತೂತುಗಳಿಂದ ಆಚೆ ಬೀಳುತ್ತೆ. ಒಳಗಿನ ಡೋರ್ ಪ್ಯಾಡ್ ಬಿಚ್ಚಿದ್ರೆ ಅದರ ಹಿಂದೆ ಒಂದು ಪ್ಲಾಸ್ಟಿಕ್ ಶೀಟ್ ಇರುತ್ತೆ, ಸುತ್ತ ಕಪ್ಪಗೆ ಅಂಟಂಟಾಗಿರೋ ಬ್ಯುಟೈಲ್ ಅನ್ನೋ ರಬ್ಬರ್ ಅಂಟು ಹಚ್ಚಿ ಕೂರಿಸಿರ್ತಾರೆ, ಎಷ್ಟೋ ಕಾರಲ್ಲಿ ಅದರ ಕೆಳ ಅಂಚನ್ನ ಬಾಗಿಲ ಸೀಳಿನೊಳಗೆ ತುರುಕಿರ್ತಾರೆ, ಒಳಗಡೆ ಚಿಮ್ಮಿದ ಹನಿ ಶೀಟ್ ಮೇಲೆ ಜಾರಿ ಮತ್ತೆ ಬಾಗಿಲ ಹೊಟ್ಟೆಗೇ ಬೀಳಲಿ ಅಂತ. ನೋಡೋಕೆ ಯಾವುದೋ ಪ್ಯಾಕಿಂಗ್ ಕವರ್ ಥರ ಇರುತ್ತೆ ಅಷ್ಟೇ, ಆದ್ರೆ ನೀರಿಗೂ ನಿಮ್ಮ ಕಾರ್ಪೆಟ್ಟಿಗೂ ಮಧ್ಯೆ ಇರೋದು ಅದೊಂದೇ. ಪವರ್ ವಿಂಡೋ ರಿಪೇರಿಗೆ, ಸ್ಪೀಕರ್ ಹಾಕ್ಸೋಕೆ ಅಂತ ಬಿಟ್ಟಾಗ ಆ ಶೀಟ್ ಹರಿದು ಮೂಲೆಗೆ ಎಸೆದು ಪ್ಯಾಡ್ ಹಾಗೇ ವಾಪಸ್ ಬಡಿದು ಕೊಡ್ತಾರೆ, ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ, ಮುಂದಿನ ಮಳೆಗೆ ಕಾರ್ಪೆಟ್ ಒದ್ದೆ. ಈ ಪತ್ರ ಓದ್ತಿರೋ ಮೆಕ್ಯಾನಿಕ್ ಅಣ್ಣಂದಿರಲ್ಲಿ ಕೈ ಮುಗಿದು ಕೇಳ್ಕೊಳ್ತೀನಿ, ಆ ಶೀಟ್ ಹರೀಬೇಡಿ, ಹರಿದ್ರೆ ದಪ್ಪ ಪ್ಲಾಸ್ಟಿಕ್ ಕತ್ತರಿಸಿ ಹೊಸದು ಮಾಡಿ ಬ್ಯುಟೈಲ್ ಟೇಪಲ್ಲಿ ಅಂಟಿಸಿ, ಅರ್ಧ ಗಂಟೆ ಕೆಲಸ. ಕಾರಿನವರೂ ಅಷ್ಟೇ, ಡೋರ್ ಪ್ಯಾಡ್ ಬಿಚ್ಚಿಸಿದಾಗ ಪಕ್ಕದಲ್ಲೇ ನಿಂತು ಶೀಟ್ ವಾಪಸ್ ಹೋಯ್ತಾ ಅಂತ ನೋಡಿ.

ಉಳಿದ ಜಾಗಗಳನ್ನ ಬೇಗ ಹೇಳಿಬಿಡ್ತೀನಿ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ನೋಡಿ, ಕೆಳಗೆ ನೀರು ನಿಂತಿದ್ರೆ ಹಿಂದಿನ ಲೈಟುಗಳ ಗ್ಯಾಸ್ಕೆಟ್, ಡಿಕ್ಕಿ ಬೀಡಿಂಗು (ಅಂಚಿನ ಸುತ್ತ ಇರೋ ರಬ್ಬರ್ ಪಟ್ಟಿ), ಆಂಟೆನಾ ಬುಡ, ಹಿಂದಿನ ಗ್ಲಾಸು, ಈ ಕ್ರಮದಲ್ಲಿ ಅನುಮಾನ ಪಡಿ. ರೂಫ್ ಮೇಲೆ ಉದ್ದಕ್ಕೆ ಎರಡು ಪಟ್ಟಿ ಇರೋ ಕಾರಲ್ಲಿ ಆ ಪಟ್ಟಿ ಕೆಳಗಿನ ಸೀಲರ್ ಬಿರುಕು ಬಿಟ್ಟಿರುತ್ತೆ. ಇಂಜಿನ್ ಕಡೆಯಿಂದ ವೈರು ಕೇಬಲ್ ಒಳಗೆ ಬರೋ ಕಡೆ ರಬ್ಬರ್ ಬುಷ್ ಇರುತ್ತೆ, ಆಮೇಲೆ ಯಾರೋ ಹಾರನ್ನಿಗೋ ಲೈಟಿಗೋ ವೈರ್ ಎಳೆಯೋಕೆ ಅಂತ ಅದನ್ನ ಚುಚ್ಚಿರ್ತಾರೆ, ನೀರು ಆ ವೈರನ್ನೇ ಹಿಡ್ಕೊಂಡು ಒಳಗೆ ಬರುತ್ತೆ. ಮುಂದಿನ ಗ್ಲಾಸ್ ರಬ್ಬರಲ್ಲಿ ಕೂತಿರೋ ತುಂಬ ಹಳೇ ಕಾರಾದ್ರೆ ರಬ್ಬರ್ ಅಡಿಯಲ್ಲಿ ತಗಡು ತುಕ್ಕು ಹಿಡಿದಿದ್ಯಾ ಅಂತ ಮೊದಲು ನೋಡಬೇಕು, ತುಕ್ಕು ಹಿಡಿದ ಅಂಚಿನ ಮೇಲೆ ಹೊಸ ರಬ್ಬರ್ ಕೂರಿಸಿದ್ರೂ ಸೋರೋದು ಸೋರುತ್ತೆ.

ಒಳಗೆ ಒದ್ದೆ ಕಂಡ ತಕ್ಷಣ ಮಳೆ ಅಂತ ತೀರ್ಮಾನ ಮಾಡ್ಬೇಡಿ. ಎಸಿ ಹಾಕಿ ಓಡಿಸಿದ ದಿನ ಮಾತ್ರ ಒದ್ದೆ ಆದ್ರೆ ಅದು ಎಸಿ ಡ್ರೈನ್ ಪೈಪ್ ಕಟ್ಕೊಂಡಿರೋದು. ಒದ್ದೆ ಅಂಟಂಟಾಗಿದ್ದು ಸಿಹಿ ವಾಸನೆ ಬಂದು ಒಳಗಿಂದ ಗ್ಲಾಸ್ ಮೇಲೆ ಎಣ್ಣೆ ಥರ ಮಂಜು ಕೂತ್ರೆ ಅದು ಹೀಟರ್ ಕೋರ್ (ಒಳಗೆ ಬಿಸಿ ಗಾಳಿ ಕೊಡೋ ಸಣ್ಣ ರೇಡಿಯೇಟರ್) ಒಡೆದು ಇಂಜಿನ್ ತಣ್ಣಗಿಡೋ ಕೂಲಂಟ್ ಬರ್ತಿರೋದು, ಅದಕ್ಕೂ ಮಳೆಗೂ ಸಂಬಂಧನೇ ಇಲ್ಲ.

ಮಳೆ ನೀರೇ ಅಂತ ಗೊತ್ತಾದ್ರೆ ಎಲ್ಲಿಂದ ಅಂತ ಹುಡುಕೋಕೂ ಒಂದು ಕ್ರಮ ಇದೆ. ನೀರು ಬಿದ್ದ ಜಾಗದಿಂದ ಬಂದಿರಲ್ಲ, ಮೇಲೆಲ್ಲೋ ಒಳಗೆ ಸೇರಿ ವೈರು, ಜಾಯಿಂಟು ಹಿಡ್ಕೊಂಡು ಒಂದು ಮಾರು ದೂರ ಹರಿದು ಬಂದು ಅಲ್ಲಿ ಬಿದ್ದಿರುತ್ತೆ. ಮೊದಲು ಒಳಗೆ ಪೂರ್ತಿ ಒಣಗಿಸಿ, ಕಾರ್ಪೆಟ್ ಎತ್ತಿಬಿಡಿ, ಒಬ್ಬರು ಟಾರ್ಚ್ ಹಿಡ್ಕೊಂಡು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗಿಂದ ಪೈಪಲ್ಲಿ ನೀರು ಬಿಡಬೇಕು, ಜೋರಾಗಿ ಅಲ್ಲ, ಸುಮ್ಮನೆ ಹರಿಯೋ ಹಾಗೆ. ಕೆಳಗಿಂದ ಶುರು ಮಾಡಿ ಒಂದೊಂದು ಜಾಗಕ್ಕೂ ಸ್ವಲ್ಪ ಹೊತ್ತು ಕೊಟ್ಟು ನಿಧಾನ ಮೇಲಕ್ಕೆ ಹೋಗಬೇಕು, ಮೊದಲೇ ರೂಫ್ ಮೇಲೆ ಸುರಿದುಬಿಟ್ರೆ ಎಲ್ಲಾ ಕಡೆ ನೀರಾಗಿ ಯಾವುದರಿಂದ ಬಂತು ಅಂತ ಹೇಳೋಕಾಗಲ್ಲ. ಅನುಮಾನ ಇರೋ ಕಡೆ ಒಳಗಡೆ ಪೌಡರ್ ಉದುರಿಸಿಟ್ರೆ ಹರಿದ ಗೆರೆ ಸ್ಪಷ್ಟ ಕಾಣುತ್ತೆ. ಬಾಗಿಲ ಬೀಡಿಂಗ್ ನೋಡೋಕೆ ಒಂದು ಕಾಗದದ ಚೂರು ಮಧ್ಯೆ ಇಟ್ಟು ಬಾಗಿಲು ಹಾಕಿ ಎಳೀರಿ, ಬಿಗಿಯಾಗಿ ಬಂದ್ರೆ ಸರಿ, ಜಾರ್ಕೊಂಡು ಬಂದ್ರೆ ಅಲ್ಲಿ ರಬ್ಬರ್ ಸತ್ತಿದೆ ಅಥವಾ ಬಾಗಿಲು ಇಳಿದಿದೆ. ಇನ್ನೂ ಮೆತ್ತಗಿರೋ ರಬ್ಬರನ್ನ ಸೋಪು ನೀರಲ್ಲಿ ಒರೆಸಿ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿದ್ರೆ ಬಹಳ ದಿನ ಬರುತ್ತೆ, ಇಂಜಿನ್ ಆಯಿಲ್ಲು, ಪೆಟ್ರೋಲಿಯಂ ಗ್ರೀಸು ಬಳೀಬೇಡಿ, ಅದರಿಂದ ಬೀಡಿಂಗ್ ರಬ್ಬರ್ ಊದ್ಕೊಂಡು ಹಾಳಾಗುತ್ತೆ.

ಸೋರೋ ಜಾಗಕ್ಕೆಲ್ಲ ಸಿಲಿಕೋನ್ ಟ್ಯೂಬ್ ಹಿಂಡೋ ಅಭ್ಯಾಸದ ಬಗ್ಗೆ ನಂಗೆ ನಿಜವಾಗ್ಲೂ ಸಿಟ್ಟಿದೆ. ವಿನೆಗರ್ ವಾಸನೆ ಹೊಡೆಯೋ ಸಾಮಾನ್ಯ ಸಿಲಿಕೋನ್ ಒಣಗುವಾಗ ಅಸೆಟಿಕ್ ಆಸಿಡ್ ಬಿಡುತ್ತೆ, ತಗಡಿನ ಮೇಲೆ ಅದು ಬಿದ್ರೆ ತುಕ್ಕಿಗೆ ನಾವೇ ಕರೆ ಕೊಟ್ಟ ಹಾಗೆ. ಅದು ಒಮ್ಮೆ ಮೆತ್ಕೊಂಡ ಜಾಗದಲ್ಲಿ ಆಮೇಲೆ ಪೇಂಟೂ ಹಿಡಿಯಲ್ಲ. ಬಾಡಿ ಜಾಯಿಂಟಿಗೆ ಪಾಲಿಯುರಿಥೇನ್ ಸೀಮ್ ಸೀಲರ್, ಲೈಟು ಆಂಟೆನಾ ಥರ ಬಿಚ್ಚಿ ಹಾಕೋದಕ್ಕೆ ಬ್ಯುಟೈಲ್ ಟೇಪು, ಇವು ಸರಿಯಾದವು. ಎಲ್ಲಕ್ಕಿಂತ ಕೆಟ್ಟದ್ದು ಅಂದ್ರೆ ಬಾಗಿಲ ಕೆಳಗಿನ ತೂತು, ಫುಟ್‌ಬೋರ್ಡ್ ಕೆಳಗಿನ ತೂತು ನೋಡಿ ಅಯ್ಯೋ ಇಲ್ಲಿಂದ ನೀರು ಬರುತ್ತೇನೋ ಅಂತ ಅದಕ್ಕೂ ಸಿಲಿಕೋನ್ ತುಂಬೋದು. ಕಾರಿನ ತಳಕ್ಕೆ ಟಾರ್ ಕೋಟಿಂಗ್ ಹೊಡೆಸುವಾಗಲೂ ಈ ತೂತುಗಳು ಮುಚ್ಚಿ ಹೋಗುತ್ವೆ. ಹೊಡೆಸಿದ ಮೇಲೆ ಒಂದೊಂದನ್ನೂ ಬಿಡಿಸಿ ನೋಡಿ.

ಇದೆಲ್ಲ ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ ಕಾರ್ಪೆಟ್ ಮೇಲೆ ಕೈ ಇಟ್ರೆ ಒಣಗಿರೋ ಹಾಗೇ ಇರುತ್ತೆ. ಬೆರಳಿಂದ ಗಟ್ಟಿಯಾಗಿ ಒತ್ತಿ ನೋಡಿ, ಅಡಿಯಲ್ಲಿರೋ ಫೋಮು ನೀರು ಕುಡಿದು ಕೂತಿರುತ್ತೆ, ಒತ್ತಿದ ಕಡೆ ತಣ್ಣಗೆ ಮೇಲೆ ಬರುತ್ತೆ. ಅದು ತಾನಾಗೇ ಒಣಗೋಕೆ ವಾರಗಟ್ಟಲೆ ಬೇಕು, ಅಷ್ಟರಲ್ಲಿ ಇನ್ನೊಂದು ಮಳೆ. ಕೆಳಗಿನ ತಗಡು ಒಳಗಿಂದ ತುಕ್ಕು ಹಿಡೀತಾ ಹೋಗುತ್ತೆ, ಹೊರಗಿನ ಪೇಂಟ್ ನೋಡಿದ್ರೆ ಚೆನ್ನಾಗೇ ಇರುತ್ತೆ. ಫೋಕ್ಸ್‌ವ್ಯಾಗನ್ನಿನ ಹಳೇ ಬೀಟಲ್ ಕಾರಲ್ಲಿ ಬ್ಯಾಟರಿ ಹಿಂದಿನ ಸೀಟಿನ ಕೆಳಗೆ, ಬಿಸಿ ಗಾಳಿ ಬರೋ ಕೊಳವೆ ಬಾಗಿಲ ಕೆಳಗಿನ ಬಾಡಿ ಒಳಗೇ, ಎರಡೂ ಕಡೆ ತೇವ ನಿಂತು ಕೊನೆಗೆ ನೆಲನೇ ಹೋಗಿರೋ ಬೀಟಲ್‌ಗಳು ಎಷ್ಟು ಬೇಕಾದ್ರೂ ಸಿಗುತ್ವೆ. ಒದ್ದೆ ಬಟ್ಟೆ ಫೋಮಿಗೆ ಬೂಷ್ಟು ಬರೋಕೆ ಒಂದೆರಡು ದಿನ ಸಾಕು. ಹಾಗಾಗಿ ಒದ್ದೆ ಕಂಡ್ರೆ ಮ್ಯಾಟ್ ಮಾತ್ರ ಬಿಸಿಲಿಗೆ ಹಾಕಿ ಸುಮ್ಮನಾಗಬೇಡಿ, ಸೀಟ್ ಬಿಚ್ಚಿ ಕಾರ್ಪೆಟ್ ಪೂರ್ತಿ ಹೊರಗೆ ತೆಗೆದು, ಫೋಮ್ ಹಿಂಡಿ, ಫ್ಯಾನ್ ಇಟ್ಟು ಒಣಗಿಸಿ. ಏರ್‌ಬ್ಯಾಗ್ ಇರೋ ಕಾರಾದ್ರೆ ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಇರಬಹುದು, ಮೊದಲು ಇಗ್ನಿಷನ್ ಆಫ್ ಮಾಡಿ ಬ್ಯಾಟರಿ ತೆಗೆದು ಸ್ವಲ್ಪ ಹೊತ್ತು ಕಾದು ಆಮೇಲೆ ಕೈ ಹಾಕಿ, ಇದನ್ನ ಮರೀಬೇಡಿ.

ಈಗ ಆ ಪ್ಲಾಸ್ಟಿಕ್ ಶೀಟ್ ವಿಷಯ. ತಗಡಿಗೆ ತಾಗಿ ಬಿಗಿಯಾಗಿ ಕಟ್ಟಿದ ಟಾರ್ಪಾಲು ಮೇಲಿನ ಮಳೆ ತಡೆಯುತ್ತೆ ನಿಜ, ಆದ್ರೆ ನೆಲದಿಂದ ಏಳೋ ತೇವ ಅದರೊಳಗೇ ಸಿಕ್ಕಿ ಹಾಕ್ಕೊಂಡು, ರಾತ್ರಿ ತಣ್ಣಗಾದಾಗ ಶೀಟ್ ಒಳಮೈಯಲ್ಲಿ ಹನಿಯಾಗಿ, ಕಾರಿನ ಮೇಲೇ ಬೀಳುತ್ತೆ. ಬಿಸಿಲು ಬಂದ್ರೂ ಒಣಗಲ್ಲ, ಒಳಗೆ ಗಾಳಿನೇ ಇಲ್ಲ. ಕಬ್ಬಿಣಕ್ಕೆ ಗಾಳಿಯ ತೇವಾಂಶ ಸುಮಾರು ಶೇಕಡ 60 ದಾಟಿದ್ರೆ ಸಾಕು ತುಕ್ಕು ವೇಗ ತಗೊಳ್ಳುತ್ತೆ, ನೀರು ಬೀಳಲೇಬೇಕು ಅಂತಿಲ್ಲ. ಆಮೇಲೆ ಗಾಳಿಗೆ ಶೀಟ್ ಬಡ್ಕೊಂಡು ಬಡ್ಕೊಂಡು, ಮಧ್ಯೆ ಇರೋ ಧೂಳು ಉಜ್ಜಿ, ಮೂಲೆಗಳಲ್ಲಿ ಪೇಂಟೇ ಹೋಗಿರುತ್ತೆ. ಕವರ್ ಹಾಕಲೇಬೇಕು ಅಂದ್ರೆ ಆವಿ ಹೊರಗೆ ಬಿಡೋ, ಒಳಗಡೆ ಮೆತ್ತಗಿರೋ ಕವರ್ ಹಾಕಿ, ಕಾರು ತೊಳೆದು ಒಣಗಿದ ಮೇಲೇ ಹಾಕಿ, ಮಳೆ ಬಿಟ್ಟ ದಿನ ತೆಗೆದು ಬಾಗಿಲು ಡಿಕ್ಕಿ ಎಲ್ಲಾ ತೆರೆದಿಡಿ. ಅದಕ್ಕಿಂತ ಒಳ್ಳೇದು ಅಂದ್ರೆ ಅದೇ ಟಾರ್ಪಾಲನ್ನ ನಾಲ್ಕು ಕಂಬಕ್ಕೆ ಎತ್ತರಕ್ಕೆ ಇಳಿಜಾರಾಗಿ ಕಟ್ಟಿ, ಕಾರಿಗೂ ಅದಕ್ಕೂ ಮಧ್ಯೆ ಗಾಳಿ ಆಡಲಿ, ಪಕ್ಕಗಳು ತೆರೆದೇ ಇರಲಿ. ಖರ್ಚು ಹೆಚ್ಚೇನಿಲ್ಲ, ಫಲ ಮಾತ್ರ ಎಷ್ಟೋ ಪಾಲು ಜಾಸ್ತಿ.

ನಿಲ್ಲಿಸೋ ಜಾಗನೂ ಮುಖ್ಯ. ಹುಲ್ಲು, ಹಸಿ ಮಣ್ಣಿನ ಮೇಲೆ ತಿಂಗಳುಗಟ್ಟಲೆ ನಿಂತ ಕಾರಿನ ತಳ ಯಾವತ್ತೂ ಒಣಗಲ್ಲ, ಕಲ್ಲು ಹಾಸಿದ್ದೋ ಕಾಂಕ್ರೀಟೋ ಇದ್ರೆ ಅಲ್ಲಿಗೆ ತನ್ನಿ. ಮರದ ನೆರಳು ಬೇಸಿಗೆಗೆ ಸರಿ, ಮಳೆಗಾಲಕ್ಕೆ ಬೇಡ, ಮಳೆ ನಿಂತ ಮೇಲೂ ಮರ ಗಂಟೆಗಟ್ಟಲೆ ತೊಟ್ಟಿಕ್ಕುತ್ತೆ, ಎಲೆ ಬೇರೆ. ಒಳಗೆ ತೇವ ಹೀರೋಕೆ ಅಂತ ಇಡೋ ಡಬ್ಬಿಗಳು, ಸೋರಿಕೆ ನಿಂತ ಮೇಲೆ, ಬಾಗಿಲು ಕಿಟಕಿ ಪೂರ್ತಿ ಮುಚ್ಚಿದಾಗ ಮಾತ್ರ ಪ್ರಯೋಜನ, ಅದರಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಇದ್ರೆ ಹೀರಿದ್ದು ಉಪ್ಪು ನೀರಾಗಿ ಡಬ್ಬಿಯಲ್ಲಿ ತುಂಬುತ್ತೆ, ಅದು ಚೆಲ್ಲಿದ್ರೆ ತಗಡಿಗೆ ಮಳೆ ನೀರಿಗಿಂತ ಕೆಟ್ಟದ್ದು. ಒಣಗಿಸಿ ಮತ್ತೆ ಬಳಸೋ ಸಿಲಿಕಾ ಜೆಲ್ ಚೀಲ ವಾಸಿ.

ಹ್ಯಾಂಡ್ ಬ್ರೇಕ್ ಎಳೆದು ತಿಂಗಳುಗಟ್ಟಲೆ ಬಿಟ್ರೆ ಮಳೆಗಾಲದಲ್ಲಿ ಬ್ರೇಕ್ ಶೂ ಡ್ರಮ್ಮಿಗೆ ಕಚ್ಕೊಳ್ಳುತ್ತೆ, ಸಮತಟ್ಟಾದ ಜಾಗದಲ್ಲಿ ಗೇರಲ್ಲಿ ಬಿಟ್ಟು ಚಕ್ರಕ್ಕೆ ಹಿಂದೆ ಮುಂದೆ ಎರಡೂ ಕಡೆ ಕಲ್ಲೋ ಮರದ ತುಂಡೋ ಅಡ್ಡ ಕೊಡಿ. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತೆ, ಓಡಲಿ ಬಿಡಲಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಇನ್ನು ದಿನಾ ಬೆಳಿಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡೋದು ಒಳ್ಳೇದು ಅಂತ ಬಹಳ ಜನ ನಂಬಿದಾರೆ, ಅದು ಕೆಡುಕೇ ಜಾಸ್ತಿ. ಪೆಟ್ರೋಲ್ ಉರಿದಾಗ ನೀರಾವಿ ಹುಟ್ಟುತ್ತೆ, ಇಂಜಿನ್ನೂ ಸೈಲೆನ್ಸರೂ ಪೂರ್ತಿ ಬಿಸಿಯಾಗದಿದ್ರೆ ಆ ನೀರು ಒಳಗೇ ಉಳಿದು ಆಯಿಲ್ ಕೆಡಿಸುತ್ತೆ, ಸೈಲೆನ್ಸರ್ ಒಳಗಿಂದ ತುಕ್ಕಾಗುತ್ತೆ. ಮಳೆ ಬಿಟ್ಟ ದಿನ ನೋಡಿ ಅರ್ಧ ಗಂಟೆ ರೋಡಲ್ಲಿ ಓಡಿಸಿ ತನ್ನಿ, ಬ್ರೇಕ್ ಡಿಸ್ಕೂ ಒರೆಸಿದ ಹಾಗಾಗುತ್ತೆ, ಬ್ಯಾಟರಿಗೂ ಒಳ್ಳೇದು.

ಸಂಪಾದಕರೇ, ಹೊಸ ಕಾರಿನ ವಿಮರ್ಶೆಗೆ ನೀವು ಕೊಡೋ ಜಾಗದಲ್ಲಿ ಸ್ವಲ್ಪ ಹಳೇ ಕಾರಿನವರಿಗೂ ಕೊಡಿ ಅನ್ನೋದು ನನ್ನ ಕೋರಿಕೆ. ಅಪ್ಪನ ಕಾಲದ ಕಾರು ಅಂತ ಉಳಿಸ್ಕೊಂಡವರು, ಹೊಸದು ತಗೊಳ್ಳೋ ಶಕ್ತಿ ಇಲ್ಲದೆ ಹಳೇದನ್ನೇ ನಂಬ್ಕೊಂಡವರು, ಇವರಿಗೆ ಯಾವ ಮಾಡೆಲ್ಲಿನಲ್ಲಿ ಡ್ರೈನ್ ತೂತು ಎಲ್ಲೆಲ್ಲಿವೆ ಅಂತ ಹೇಳೋರೇ ಇಲ್ಲ, ಎಷ್ಟೋ ಜನರ ಹತ್ರ ಮ್ಯಾನುವಲ್ಲೂ ಇಲ್ಲ, ಇದ್ರೂ ಅದರಲ್ಲಿ ಇದು ಇರಲ್ಲ. ಹಳೇ ಮೆಕ್ಯಾನಿಕ್‌ಗಳಿಗೆ, ಟಿಂಕರಿಂಗ್ ಮಾಡಿ ಕೈ ಪಳಗಿದವರಿಗೆ ಇದೆಲ್ಲ ಬಾಯಲ್ಲೇ ಇದೆ. ವಾರಕ್ಕೊಂದು ಮಾಡೆಲ್ ತಗೊಂಡು, ಅವರನ್ನ ಕೇಳಿ, ಒಂದು ಸಣ್ಣ ಚಿತ್ರ ಹಾಕಿ ತೂತು ಇಲ್ಲಿದೆ, ಇದರಿಂದ ಬಿಡಿಸಿ ಅಂತ ಛಾಪಿಸಿ, ಅದೂ ಮಳೆ ಶುರುವಾಗೋ ಮೊದಲೇ ಬರಲಿ. ಓದುಗರಲ್ಲಿ ತಮ್ಮ ಕಾರಿನದ್ದು ಗೊತ್ತಿರೋರು ಪತ್ರಿಕೆಗೆ ಬರೆದು ಕಳಿಸಿ, ನನಗೆ ಗೊತ್ತಿರೋದನ್ನೂ ಕಳಿಸ್ತೀನಿ.

ಇಂತಿ ನಿಮ್ಮ,
ಹಳೇ ಕಾರು ಉಳಿಸ್ಕೊಂಡಿರೋ ಒಬ್ಬ ಓದುಗ